ಪಾಲಕರ ಸಹಿ

ನನ್ನ ಶಾಲೆಯಲ್ಲಿ ಎಲ್ಲವೂ ಇತ್ತು. ಗೋಡೆಗೆ ಬೋರ್ಡು, ಅದರ ಪಕ್ಕ ವೇಳಾಪಟ್ಟಿ, ಸ್ಟೂಲಿನ ಮೇಲೆ ಗಂಟೆ, ಹಾಜರಿ ಪುಸ್ತಕ. ಪುಸ್ತಕದಲ್ಲಿ ಹೆಸರು ಮಾತ್ರ ಒಂದೇ: ಶಿವಗಂಗಾ, ಐದನೇ ತರಗತಿ. ನನ್ನ ಮಗಳು.

ಮಳೆಗಾಲದಲ್ಲಿ ಅವಳಿಗೆ ದಮ್ಮು ಎದ್ದು ಕಲಬುರಗಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇರಬೇಕಾಯಿತು. ಈ ವರ್ಷ ಧೂಳು, ಬಸ್ಸಿನ ಓಡಾಟ ಬೇಡ, ಮನೆಯಲ್ಲೇ ಓದಲಿ ಎಂದರು ಡಾಕ್ಟರು. ನಾನು ಚಿತ್ತಾಪುರದ ಒಂದು ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿದವಳು. ಕೆಲಸ ಬಿಟ್ಟೆ. ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಜೂನ್‌ನಲ್ಲಿ ಅವಳು ತನ್ನ ಗೆಳತಿಯರ ಜೊತೆಗೇ ಆರನೆಯದಕ್ಕೆ ಹೋಗಬೇಕು, ಒಂದು ಪಾಠವೂ ಹಿಂದೆ ಬೀಳಬಾರದು ಎಂದು ಹಟ ಹಿಡಿದೆ. ನನ್ನ ಹಟ ಎಂಥದ್ದೆಂದು ನಮ್ಮ ಓಣಿಗೆಲ್ಲ ಗೊತ್ತು.

ಮನೆಯಲ್ಲಿ ಕಲಿಸಿದರೆ ಮಕ್ಕಳು ಸಲಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕೇ ಮೊದಲ ದಿನವೇ ಹೇಳಿಬಿಟ್ಟೆ: ಎಂಟರಿಂದ ನಾಲ್ಕರವರೆಗೆ ನಾನು ಅವ್ವ ಅಲ್ಲ, ಟೀಚರ್. ಗಂಗಾ ಖುಷಿಯಿಂದ ಕುಣಿದಳು. ದೀಪಾವಳಿಯವರೆಗೆ ಅದು ಇಬ್ಬರಿಗೂ ಆಟವೇ ಆಗಿತ್ತು.

ಚಳಿ ಬಂತು. ಪರಸಿ ಕಲ್ಲಿನ ನೆಲ ಬೆಳಗಿನ ಹೊತ್ತು ಕಾಲಿಡಲಾಗದಷ್ಟು ತಣ್ಣಗೆ. ಹುಡುಗಿ ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ಕೂರುವಳು. ಬರೆ ಎಂದರೆ ಎರಡು ಸಾಲು ಬರೆದು ಕಿಟಕಿ ನೋಡುವಳು. ಪಾಠಗಳು ಹತ್ತು ದಿನ ಹಿಂದೆ ಬಿದ್ದವು. ಬುದ್ಧಿ ಇದ್ದವರು ಏನು ಮಾಡುತ್ತಿದ್ದರೋ, ನಾನಂತೂ ಎಂಟರ ಗಂಟೆಯನ್ನು ಏಳಕ್ಕೆ ಬಾರಿಸತೊಡಗಿದೆ. ಭಾನುವಾರವನ್ನೂ ಸೇರಿಸಿಕೊಂಡೆ.

ಎಳ್ಳು ಅಮಾವಾಸ್ಯೆಯ ದಿನ ಓಣಿಗೆ ಓಣಿಯೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿತು. ಅತ್ತೆ ಭಾಗಮ್ಮ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಬುಟ್ಟಿಗೆ ತುಂಬಿಕೊಂಡು ಬಾಗಿಲಲ್ಲಿ ನಿಂತರು.

“ಪೋರೀನ ಕಳಸು ಬಸವೇಶ್ವರಿ. ವರ್ಷಕ್ಕೊಮ್ಮಿ ಬರೋ ಹಬ್ಬ.”

“ಭಿನ್ನರಾಶಿ ಇನ್ನಾ ಮುಗಿದಿಲ್ರಿ ಅತ್ತಿ. ನೀವು ಹೋಗಿ ಬರ್ರಿ.”

“ಭಿನ್ನರಾಶಿ ಎಲ್ಲಿಗರ ಓಡಿ ಹೊಂಟದೇನು?” ಎಂದು ಗೊಣಗುತ್ತ ಅತ್ತೆ ಹೋದರು.

ಗಂಗಾ ಅಳಲಿಲ್ಲ. ಅತ್ತಿದ್ದರೆ ಕಳಿಸುತ್ತಿದ್ದೆನೇನೋ. “ಯೆಸ್ ಟೀಚರ್” ಎಂದು ಪುಸ್ತಕ ತೆರೆದಳು. ಅಂದು ಸಂಜೆ ಊಟಕ್ಕೆ ಕರೆದಾಗಲೂ “ಬಂದೆ ಟೀಚರ್” ಎಂದಳು. ತಲೆ ಬಾಚುವಾಗಲೂ ಟೀಚರ್, ಹಾಸಿಗೆ ಹಾಸುವಾಗಲೂ ಟೀಚರ್. ಚೇಷ್ಟೆ ಎಂದುಕೊಂಡೆ. ವಾರ ಕಳೆದು ಮತ್ತೊಂದು ವಾರ ಬಂದರೂ ಚೇಷ್ಟೆ ನಿಲ್ಲಲಿಲ್ಲ. ಯಾಕೆಂದು ಹತ್ತು ವರ್ಷದ ಕೂಸಿನ ಮುಂದೆ ಬಾಯಿ ಬಿಟ್ಟು ಕೇಳಲು ನನ್ನ ಸೊಕ್ಕು ಬಿಡಲಿಲ್ಲ.

ಸಂಕ್ರಾಂತಿಯ ಮರುದಿನ ಗಂಟೆ ಬಾರಿಸಿ ಕೂತಿದ್ದೆ. ಹೊಸ್ತಿಲಾಚೆ ಗಂಗಾ ಮಡಚಿದ ಕಾಗದ, ಪೆನ್ಸಿಲ್ ಹಿಡಿದು ನಿಂತಿದ್ದಳು.

“ಒಳಗ ಬರ್ಲೇನ್ರಿ ಟೀಚರ್?”

ರಜಾ ಅರ್ಜಿ. ನಾನೇ ಕಲಿಸಿದ ಮಾದರಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಬರೆದಿದ್ದಳು:

‘ಮುಖ್ಯ ಗುರುಗಳಿಗೆ. ವಿಷಯ: ಒಂದು ದಿನದ ರಜೆ ಕೋರಿ. ಮಾನ್ಯರೇ, ನಾನು ನಮ್ಮ ಅವ್ವನನ್ನು ನೋಡಿ ಬಹಳ ದಿನಗಳಾಗಿವೆ. ಅವಳಿಗೂ ನನ್ನ ನೆನಪು ಬರುತ್ತಿರಬಹುದು. ಆದ್ದರಿಂದ ದಯವಿಟ್ಟು ಒಂದು ದಿನ ರಜೆ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ. ತಮ್ಮ ವಿಧೇಯ ವಿದ್ಯಾರ್ಥಿನಿ, ಶಿವಗಂಗಾ.’

ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು ‘ಪಾಲಕರ ಸಹಿ’ ಎಂದು ಬರೆದು, ಜಾಗ ಖಾಲಿ ಬಿಟ್ಟಿದ್ದಳು.

ಒಂದೂ ತಪ್ಪಿಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು. ನಾನು ಅಂಥವಳಾಗಿಬಿಟ್ಟಿದ್ದೆ. ಆಮೇಲೆ ಅಕ್ಷರಗಳು ಕಾಣಿಸಲಿಲ್ಲ.

“ಪಾಲಕರ ಸಹಿ ಇಲ್ಲಲ್ಲ,” ಎಂದೆ.

“ಅವ್ವ ಸಿಗಲಿಲ್ರಿ ಟೀಚರ್.”

ಕೊಂಕು ಮಾತಲ್ಲ ಅದು, ಹುಡುಗಿ ಇದ್ದದ್ದನ್ನೇ ಹೇಳಿದ್ದಳು. ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಆ ಗೆರೆಯ ಮೇಲೆ ಬಸವೇಶ್ವರಿ ಎಂದು ಬರೆದೆ. ‘ಒಂದು ದಿನ’ ಎಂದಿದ್ದನ್ನು ಹೊಡೆದು ‘ಎಂಟು ದಿನ’ ಎಂದು ತಿದ್ದಿದೆ. ಗಂಗಾ ಕಾಗದ ನೋಡಿದಳು, ನನ್ನ ಮುಖ ನೋಡಿದಳು.

“ಟೀಚರ್ ಎಂಟ್ ದಿನ ಸೂಟಿ ಕೊಡ್ತಾರೇನು?”

“ಕೊಡಲಿಲ್ಲಂದ್ರ ನಾ ಅವರ ಕೂಡ ಜಗಳಾ ತಗೀತೀನಿ.”

ಎಂಟು ದಿನ ಗಂಟೆ ಬಾರಿಸಲಿಲ್ಲ. ಬಿಸಿಲು ಏರುವವರೆಗೆ ಇಬ್ಬರೂ ಒಂದೇ ಕೌದಿಯಲ್ಲಿ ಮಲಗಿದೆವು. ಹಬ್ಬ ಮುಗಿದಿದ್ದರೂ ಹೊಲ ಅಲ್ಲೇ ಇತ್ತು. ಅತ್ತೆಯ ಜೊತೆ ಹೋಗಿ ಎಳೆ ಜೋಳದ ತೆನೆ ಸುಟ್ಟ ಬಿಸಿಬಿಸಿ ಸೀತನಿ ತಿಂದು ಬಂದೆವು. ಹಳೆಯ ವೇಳಾಪಟ್ಟಿ ಹರಿದು ಹೊಸದನ್ನು ಗಂಗಾಳನ್ನು ಕೇಳಿಯೇ ಬರೆದೆ: ಚಳಿ ಹೋಗುವವರೆಗೆ ಪಾಠ ಹನ್ನೊಂದಕ್ಕೆ, ಮಾಳಿಗೆಯ ಬಿಸಿಲಲ್ಲಿ, ಎರಡೇ ತಾಸು. ಊಟದ ಮೇಲೆ ಅವಳಿಗೆ ಬೇಕಾದ ಪುಸ್ತಕ. ಭಾನುವಾರ, ಹಬ್ಬ ಸೂಟಿ. ಇಷ್ಟರಲ್ಲಿ ಪಾಠ ಮುಗಿಯುತ್ತದೆಯೇ ಎಂಬ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ.

ಒಂಬತ್ತನೇ ದಿನ ಹನ್ನೊಂದಕ್ಕೆ ಮಾಳಿಗೆ ಹತ್ತಿ, ಸೆರಗು ಸರಿಮಾಡಿಕೊಂಡು, ರೂಢಿಯಂತೆ ಮುಖ ಬಿಗಿದು ಕುರ್ಚಿಯಲ್ಲಿ ಕೂತೆ. ಗಂಗಾ ಗಣಿತದ ಪುಸ್ತಕ ಹಿಡಿದು ಬಂದಳು. ನನ್ನನ್ನು ಒಂದು ಸಲ ನೋಡಿ, ಕೈಹಿಡಿದು ಕುರ್ಚಿಯಿಂದ ಎಬ್ಬಿಸಿ, ಚಾಪೆಯ ಮೇಲೆ ಕೂರಿಸಿ ತೊಡೆಗೆ ಆತುಕೊಂಡಳು.

“ಟೀಚರ್ ಬ್ಯಾಡ,” ಎಂದಳು. “ನೀನೇ ಕಲ್ಸು.”