ಗುಬ್ಬಿಗೆ ಟಚಪ್

“ಅವಳ ಕೈ ಬಿಡು! ತೊನ್ನು ಕಣೇ ಅದು, ಅಂಟುತ್ತೆ!”

ಡ್ಯಾನ್ಸ್ ಕ್ಲಾಸಿನ ಹಾಲಿನಲ್ಲಿ ಕೆಂಪು ಚೀಲದ ಹೆಂಗಸು ಎದ್ದು ನಿಂತು ತನ್ನ ಮಗಳಿಗೆ ಹೀಗೆ ಕೂಗಿದಾಗ ಮಕ್ಕಳೆಲ್ಲ ಕೈ ಕೈ ಹಿಡಿದು ದುಂಡಗೆ ನಿಂತಿದ್ದರು. ಹಾಡು ನಿಂತಿತು. ಗೋಡೆಗೊರಗಿ ಕೂತಿದ್ದ ಅಪ್ಪ ಅಮ್ಮಂದಿರ ಕತ್ತುಗಳು ತಿರುಗಿದವು. ಆ ಹುಡುಗಿ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ ಗುಬ್ಬಿಯ ಕೈ ಮಾತ್ರ ಗಾಳಿಯಲ್ಲೇ ಉಳಿಯಿತು. ಬೆರಳುಗಳ ತುದಿಯಲ್ಲಿ ಬಿಳಿ ಮಚ್ಚೆ, ಬಾಯಂಚಿನಲ್ಲೊಂದು.

ಅವಳನ್ನು ಕರೆತಂದಿದ್ದ ಸೋದರಮಾವನಿಗೆ ಅಷ್ಟೇ ಸಾಕಾಯಿತು. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

“ಅಂಟೋದು ನಿನ್ನ ನಾಲಿಗೆ! ಅಂಟಲ್ಲ ಅಂತ ಡಾಕ್ಟರೇ ಹೇಳಿದಾರೆ. ಕಿವೀಲೇನು ಹತ್ತಿ ಇಟ್ಕೊಂಡಿದೀಯಾ?”

“ನೋಡ್ರಪ್ಪಾ, ಸ್ಕೂಲ್ ಬಿಟ್ಟೋನು ಡಾಕ್ಟರಿಕೆ ಹೇಳ್ಕೊಡ್ತಾನೆ!”

ಅವನು ಕುರ್ಚಿಯನ್ನು ಒದ್ದ. ಅದು ಸದ್ದು ಮಾಡುತ್ತಾ ಹೋಗಿ ಕನ್ನಡಿಗೆ ಬಡಿಯಿತು. ಟೀಚರು ಕೈಮುಗಿದು ಅವನನ್ನೂ ಗುಬ್ಬಿಯನ್ನೂ ಹೊರಗೆ ಕಳಿಸಿದರು.

ದಾರಿಯುದ್ದಕ್ಕೂ ಅವನು ಗೆದ್ದವನಂತೆ ಬಡಬಡಿಸಿದ. “ಹೆಂಗೆ ಕೊಟ್ಟೆ ನೋಡಿದ್ಯಾ? ಮುಖ ಬದನೆಕಾಯಿ ಆಯ್ತು ಅವಳ್ದು!” ಗುಬ್ಬಿ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಡೆಯುತ್ತಿದ್ದಳು.

“ಶನಿವಾರ ನಾನು ಹೋಗಲ್ಲ ಮಾಮ.”

ಮಚ್ಚೆ ಶುರುವಾದಾಗಿನಿಂದ ಹೀಗೇ. ಮೊದಲು ಪಕ್ಕದ ಮನೆಯ ಉಯ್ಯಾಲೆ ಬಿಟ್ಟಳು, ಆಮೇಲೆ ಈಜು, ಆಮೇಲೆ ಗೆಳತಿಯರ ಮನೆ. ಉಳಿದಿದ್ದು ಕುಣಿತ ಒಂದೇ. ಹಾಗಂತ ಚೆನ್ನಾಗೇನೂ ಕುಣಿಯುತ್ತಿರಲಿಲ್ಲ. ಎಲ್ಲರ ಕಾಲೂ ನೆಲಕ್ಕೆ ಬಿದ್ದ ಮೇಲೆ ಇವಳ ಟಪ್ ಒಂದು ಗಳಿಗೆ ತಡವಾಗಿ ಬೀಳುತ್ತಿತ್ತು. ಇದನ್ನೂ ಬಿಟ್ಟರೆ? ಬಾಗಿಲು ಹಾಕಿಕೊಂಡು ಕೂತ ಗುಬ್ಬಿಯನ್ನು ನೆನೆದು ಅವನು ರಾತ್ರಿ ಊಟದ ತಟ್ಟೆ ಸರಿಸಿ ಎದ್ದ.

ಮರುದಿನ ಅವಳು ಗ್ಯಾರೇಜಿಗೆ ಬಂದಾಗ ಅವನು ಒಂದು ಕಾರಿನ ಬಾಗಿಲಿನ ಗೀರಿಗೆ ಬಣ್ಣ ಹಚ್ಚಿ ಮುಚ್ಚುತ್ತಿದ್ದ.

“ನನಗೂ ಟಚಪ್ ಮಾಡ್ತೀಯಾ?”

ತಮಾಷೆಗೆ ಕೇಳಿದಳೋ ಏನೋ. ಅವನ ತಲೆಗೆ ಮಾತ್ರ ಅದು ಹೊಕ್ಕಿತು. ಯಾವ ಬಣ್ಣಕ್ಕೆ ಬೇಕಾದರೂ ಜೋಡಿ ಬಣ್ಣ ಕಲಸುವ ಕೈ ಅವನದು. ಅಂಗಡಿಯಿಂದ ಮುಖಕ್ಕೆ ಹಚ್ಚುವ ಕ್ರೀಮುಗಳನ್ನು ತಂದ, ಗಾಜಿನ ತುಂಡಿನ ಮೇಲೆ ಚೂರು ಚೂರೇ ಬೆರೆಸಿದ, ಅವಳ ಮಣಿಕಟ್ಟಿನ ಪಕ್ಕ ಹಿಡಿದು ನೋಡಿ ಬೆರಳಿಗೂ ಬಾಯಂಚಿಗೂ ಹಚ್ಚಿದ. ಟ್ಯೂಬ್‌ಲೈಟಿನಡಿ ಮಚ್ಚೆ ಮಾಯ! ಗುಬ್ಬಿ ಉಸಿರು ಬಿಗಿಹಿಡಿದು ಬೆರಳು ನೋಡಿಕೊಂಡಳು.

ಆಮೇಲೆ ಅವಳು ಕೈಗಳನ್ನು ಮೈಯಿಂದ ದೂರ ಹಿಡಿದೇ ಕೂತಳು. ನೀರು ಕುಡಿಯಲಿಲ್ಲ, ಬಾಯಂಚಿನದು ಹೋಗುತ್ತದೆಂದು. ಮೂಗು ತುರಿಸಿದರೂ ಮುಟ್ಟಲಿಲ್ಲ. ಬಿಸಿಲಿಗೆ ಬಂದವಳು ಕಾರಿನ ಕಿಟಕಿಯಲ್ಲಿ ತನ್ನನ್ನು ನೋಡಿಕೊಂಡಳು. ಬಾಯಂಚಿನಲ್ಲಿ, ಕಾರಿನ ತಗ್ಗಿಗೆ ಪುಟ್ಟಿ ಮೆತ್ತಿದಂತೆ ಬೂದುಬಣ್ಣದ ತೇಪೆ. ಗ್ಯಾರೇಜಿನ ಮೇಸ್ತ್ರಿ ಬಾಯಿ ಬಡಿದುಕೊಳ್ಳುತ್ತಿದ್ದದ್ದು ಇದನ್ನೇ: ಬಣ್ಣ ಬಿಸಿಲಲ್ಲಿ ನೋಡದೆ ಹಚ್ಚಬೇಡವೋ. ಮಾಮ ಆತುರದಲ್ಲಿ ಅದನ್ನೇ ಮರೆತಿದ್ದ.

ಕರೆದುಕೊಂಡು ಹೋಗಲು ಬಂದ ಅಕ್ಕ ಮಗಳ ಮುಖ ನೋಡಿ ಅವನ ಮೇಲೆ ಹರಿಹಾಯ್ದಳು. “ಇವಳೇನು ಗುದ್ದಿಸ್ಕೊಂಡು ಬಂದ ಕಾರೇನೋ, ಮುಚ್ಚಿ ಕಳ್ಸೋಕೆ? ಏನು ಬೇಕು ಅಂತ ಒಂದು ಮಾತು ಕೇಳಿದ್ಯಾ ಅವಳನ್ನ?”

ಕೇಳಿರಲಿಲ್ಲ. ಈಗ ಒದ್ದೆ ಬಟ್ಟೆಯಿಂದ ಗುಬ್ಬಿಯ ಬೆರಳು ಒರೆಸುತ್ತಾ ಕೇಳಿದ. ಅವಳು ನೆಲ ನೋಡುತ್ತಾ ಹೇಳಿದಳು: “ನೀನು ಕೂಗ್ಬೇಡ. ಆ ಆಂಟಿ ಅಂದಾಗ ಅರ್ಧ ಜನ ನೋಡಿದ್ರು. ನೀನು ಕುರ್ಚಿ ಒದ್ದಾಗ ಎಲ್ಲರೂ ನನ್ನನ್ನೇ ನೋಡಿದ್ರು.” ಒರೆಸಿದ ಬೆರಳನ್ನು ಎಳೆದುಕೊಂಡು, “ಕೂಗಲ್ಲ ಅಂದ್ರೆ ಹೋಗ್ತೀನಿ,” ಅಂದಳು.

ಶನಿವಾರ ಟೀಚರು “ಕೈ ಹಿಡ್ಕೊಳ್ಳಿ” ಅಂದರು. ಗುಬ್ಬಿ ಬಣ್ಣವಿಲ್ಲದ ಕೈ ಚಾಚಿದಳು. ಪಕ್ಕದಲ್ಲಿ ಮತ್ತೆ ಅದೇ ಹುಡುಗಿ. ಗೋಡೆಯ ಬಳಿ ನಿಂತಿದ್ದ ಮಾಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಹುಡುಗಿ ಅಮ್ಮನ ಕಡೆ ನೋಡಿದಳು, ಗುಬ್ಬಿಯ ಕಡೆ ನೋಡಿದಳು, ಆಮೇಲೆ ಕಿರುಬೆರಳೊಂದನ್ನು ಮುಂದೆ ಮಾಡಿ ಗುಬ್ಬಿಯ ಕಿರುಬೆರಳಿಗೆ ಕೊಕ್ಕೆ ಹಾಕಿದಳು.

ಕೆಂಪು ಚೀಲದವಳಿಗೆ ಅದು ಕಂಡಿತು. ಮಗಳನ್ನು ಬಿಟ್ಟು ಇವನ ಮೇಲೆ ಬಿದ್ದಳು.

“ಏನಪ್ಪಾ ಡಾಕ್ಟ್ರೇ, ಇವತ್ತು ಬಾಯಿಗೆ ಬೀಗವಾ? ಇಂಥಾ ಮಗೂನ ಊರಿಗೆಲ್ಲ ತೋರ್ಸೋಕೆ ನಾಚಿಕೆ ಆಗಲ್ವಾ ನಿಮ್ಮನೇವ್ರಿಗೆ?”

ಕತ್ತುಗಳು ತಿರುಗಿದವು. ಅವನ ನಾಲಿಗೆಯ ಮೇಲೆ ಮಾತುಗಳು ಮೊಳೆಗಳ ಹಾಗೆ ಚುಚ್ಚುತ್ತಿದ್ದವು. ಗುಬ್ಬಿಯ ಕಡೆ ನೋಡಿದ. ಅವಳು ಆ ಹೆಂಗಸನ್ನು ನೋಡುತ್ತಿರಲಿಲ್ಲ. ಕೊಕ್ಕೆ ಹಾಕಿದ ಬೆರಳನ್ನು ಅಲ್ಲಾಡಿಸದೆ, ಈಗ ಸಿಡಿಯುತ್ತದೆಂದು ಕಾಯುವವಳಂತೆ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಹೆದರಿಕೆ ಇದ್ದದ್ದು ಅವನದೇ.

ಅವನು ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದ.

“ಓಡಿದ, ಓಡಿದ! ನೋಡಿ!”

ಹಿಂದೆ ಹಾಡು ಶುರುವಾಯಿತು. ಮೆಟ್ಟಿಲಿಳಿಯುವಾಗ ಕಿವಿ ಮಾತ್ರ ಮೇಲೇ ಉಳಿದಿತ್ತು. ಎಲ್ಲ ಕಾಲೂ ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಒಂದು ಗಳಿಗೆ ತಡವಾಗಿ, ಒಂಟಿ ಟಪ್. ಅವನು ನಿಲ್ಲದೆ ಇಳಿದು ಹೋದ.