ವುಡಿನ್‌ವಿಲ್‌ನಿಂದ ಬಂದ ಗದ್ದುಗೆ

ವೈಶಾಲಿಯ ಕೈಕೆಳಗೆ ಐದನೆಯ ರೊಟ್ಟಿ ಇನ್ನೂ ಅಂಗೈಯಗಲ ದಾಟಿರಲಿಲ್ಲ, ಗ್ಯಾರೇಜಿನ ಮುಂದೆ ಎರಡು ಕಾರುಗಳು ಬಂದು ನಿಂತವು.

ಸಮಾಮಿಶ್‌ನ ಆ ಮನೆಯಲ್ಲಿ ರೊಟ್ಟಿ ಬಡಿಯುವುದು ಗ್ಯಾರೇಜಿನಲ್ಲೇ. ಅಡುಗೆಮನೆಯಲ್ಲಿ ಒಲೆಗೆ ಹಂಚು ಇಟ್ಟರೆ ಹೊಗೆಯ ಅಲಾರಮ್ಮು ಅತ್ತೆಗಿಂತ ಜೋರಾಗಿ ಬಾಯಿ ಮಾಡುತ್ತಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಆರು ಹೆಂಗಸರು ಅಲ್ಲಿ ಸೇರುತ್ತಿದ್ದರು. ಅಲ್ಲಿಯ ಕಾನೂನು ಒಂದೇ: ಗಂಡನ ಕಂಪನಿ, ಗ್ರೀನ್ ಕಾರ್ಡು, ಮಕ್ಕಳ ಮಾರ್ಕ್ಸು, ಈ ಮೂರರ ಸುದ್ದಿ ಎತ್ತುವಂತಿಲ್ಲ. ವಾರವೆಲ್ಲ ಆಫೀಸಿನಲ್ಲಿ, ಗಂಡನ ಗೆಳೆಯರೆದುರು ಮಾತಿಗೆ ಇಸ್ತ್ರಿ ಹಾಕಿಯೇ ಹೊರಬಿಡುತ್ತಿದ್ದ ವೈಶಾಲಿ ಆ ಮೂರು ಗಂಟೆ ಮಾತ್ರ ತನ್ನ ಗಜೇಂದ್ರಗಡದ ಮಾತನ್ನು ಸುಕ್ಕುಸುಕ್ಕಾಗಿಯೇ ಆಡುತ್ತಿದ್ದಳು.

ಅಂದು ಉಳಿದವರು ಇನ್ನೂ ಬಂದಿರಲಿಲ್ಲ. ಹಂಚಿನ ಮುಂದೆ ಗಂಗಮ್ಮ ಒಬ್ಬಳೇ ಇದ್ದಳು. ಎರಡು ಮೈಲಿ ಆಚೆ ಮಗನ ಮನೆಯಲ್ಲಿರುವ ಮುದುಕಿ. ಕಾರಿಲ್ಲದೆ ಹೊಸಿಲು ದಾಟಲಾರಳು. ಶನಿವಾರ ವೈಶಾಲಿಯೇ ಹೋಗಿ ಕರೆತರುತ್ತಿದ್ದಳು.

ಒಂದು ಕಾರಿನಿಂದ ಲಕ್ಷ್ಮೀಕಾಂತ, ಇನ್ನೊಂದರಿಂದ ಜಯಂತ್ ಇಳಿದರು. ವುಡಿನ್‌ವಿಲ್‌ನ ಸಿರಿಸಂಪಿಗೆ ಕನ್ನಡ ಬಳಗದ ಎರಡು ಬಣಗಳ ಮುಖಂಡರು. ಯುಗಾದಿಯಿಂದೀಚೆಗೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈಗ ಒಂದೇ ಹಣ್ಣಿನ ಬುಟ್ಟಿಯನ್ನು ಆಚೀಚೆ ಹಿಡಿದುಕೊಂಡಿದ್ದರು. ಯಾರು ಕೈಬಿಟ್ಟರೂ ತಂದ ಕೀರ್ತಿ ಇನ್ನೊಬ್ಬನ ಪಾಲಾಗುವ ಭಯ.

“ಮೇಡಂ, ಈ ಸಲ ನೀವೇ ನಮ್ಮ ಪ್ರೆಸಿಡೆಂಟ್ ಆಗ್ಬೇಕು,” ಎಂದ ಲಕ್ಷ್ಮೀಕಾಂತ.

“ನಾನು ನಿಮ್ಮ ಬಳಗದ ಮೆಂಬರ್ರೇ ಅಲ್ವಲ್ಲ?”

“ಅದಕ್ಕೇ ಮೇಡಂ!” ಎಂದರು ಇಬ್ಬರೂ ಒಟ್ಟಿಗೆ. ಹೊಡೆದಾಡಿ ಸುಸ್ತಾದವರಿಗೆ ಹೊರಗಿನವರಲ್ಲಿ ಕಾಣುವಷ್ಟು ಸದ್ಗುಣ ಇನ್ನಾರಲ್ಲೂ ಕಾಣುವುದಿಲ್ಲ.

ಒಳಗಿನಿಂದ ವೈಶಾಲಿಯ ಗಂಡ ಪ್ರಭುದೇವ ಧಾವಿಸಿ ಬಂದ. ಶನಿವಾರ ಮಧ್ಯಾಹ್ನ ಅವನು ರೇಷ್ಮೆ ಜುಬ್ಬಾ ತೊಟ್ಟಿದ್ದೇಕೆಂದು ಅವಳಿಗೆ ಈಗ ತಿಳಿಯಿತು. “ಬರ್ರಿ ಸರ, ಬರ್ರಿ! ಆಕಿ ಒಲ್ಲೆ ಅನ್ನೂದಿಲ್ಲ, ನಾ ಅದೀನಲ್ಲ.” ರಾಣಿಯ ಗಂಡನ ಹುದ್ದೆಗೆ ಚುನಾವಣೆಯ ಕಾಟವಿಲ್ಲ.

“ಕೆಲಸ ಏನಿಲ್ಲ ಮೇಡಂ,” ಎಂದ ಜಯಂತ್. “ದೀಪ ಹಚ್ಚಿ ಎರಡು ಮಾತಾಡಿದ್ರೆ ಆಯ್ತು. ಸ್ವಲ್ಪ ನಮ್ ಕಡೆ ಕನ್ನಡದಲ್ಲಿ... ಎಲ್ಲರಿಗೂ ಅರ್ಥ ಆಗ್ಬೇಕಲ್ಲ. ಮತ್ತೆ ಕಮಿಟಿ ಮೀಟಿಂಗು. ಪ್ರತಿ ಶನಿವಾರ ಎರಡರಿಂದ ಐದು, ಟೋಟೆಮ್ ಲೇಕ್‌ನಲ್ಲಿ.”

“ನೋಡಿ, ಇನ್ವಿಟೇಶನ್ ಕೂಡ ರೆಡಿ,” ಎಂದು ಲಕ್ಷ್ಮೀಕಾಂತ ಫೋನು ಮುಂದೆ ಹಿಡಿದ.

ರಾಜ್ಯೋತ್ಸವದ ಆಮಂತ್ರಣ. ಭುವನೇಶ್ವರಿಯ ಪಾದದ ಕೆಳಗೆ ದಪ್ಪಕ್ಷರದಲ್ಲಿ ‘ಅಧ್ಯಕ್ಷೆ: ಶ್ರೀಮತಿ ವೈಶಾಲಿ ಪ್ರಭುದೇವ’. ಆಕೆ ಬೆರಳಿಂದ ಕೆಳಗೆ ಸರಿಸಿದಳು. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರ: ‘ಊಟದ ವಿಶೇಷ: ಆರುನೂರು ಜೋಳದ ರೊಟ್ಟಿ. ಸೇವೆ: ಶ್ರೀಮತಿ ವೈಶಾಲಿ ಮತ್ತು ಸಂಗಡಿಗರು’.

“ಕಿರೀಟ ಇಟ್ಕೊಂಡೇ ಬಡೀಬೇಕಾ, ತೆಗೆದಿಟ್ಟು ಬಡೀಬಹುದಾ?”

ಮೂವರು ಗಂಡಸರೂ ಮನಸಾರೆ ನಕ್ಕರು. ಒಳ್ಳೆಯ ಹಾಸ್ಯಪ್ರಜ್ಞೆಯೂ ಇದೆ ಎಂದು ಹೊಗಳಿದರು.

“ಯೋಚನೆ ಮಾಡಿ ಹೇಳ್ತೀನಿ,” ಎಂದಳು.

ಕಾರುಗಳು ಹೋದ ಮೇಲೆ ಪ್ರಭುದೇವ ಸಿಡುಕಿದ. “ಯೋಚ್ನಿ ಮಾಡಾಕ ಅದ್ರಾಗ ಏನೈತಿ? ಮನಿಗೆ ಬಂದ ಲಕ್ಷ್ಮೀನ ಯಾರರ ಒಲ್ಲೆ ಅಂತಾರೇನು?” ಉತ್ತರಕ್ಕೆ ಕಾಯದೆ, ಬಾಗಲಕೋಟೆಯ ಅಣ್ಣನಿಗೆ ಸುದ್ದಿ ಮುಟ್ಟಿಸಲು ಒಳಗೆ ಹೋದ.

ಗಂಗಮ್ಮ ಒದ್ದೆ ಬಟ್ಟೆಯಿಂದ ರೊಟ್ಟಿಗೆ ನೀರು ಸವರುತ್ತ ಕೇಳಿದಳು. “ಏನಂತವಾ ಅವ್ರದು?”

“ನನ್ನ ರಾಣಿ ಮಾಡ್ತಾರಂತ್ರಿ ಅವ್ವಾರ.”

“ಅವರ ಊರಾಗ ರಾಣಿ ಆಗೂವಂಥವ್ರು ಯಾರೂ ಇಲ್ಲೇನು?”

“ಮನಿಗೊಬ್ರು ಅದಾರ್ರಿ.”

“ಹಂಗಾರ ಅವರಿಗೆ ರಾಣಿ ಬೇಕಾಗಿಲ್ಲ ಬಿಡು. ಎರಡೂ ಕಡಿಯವ್ರು ಕೂಡಿ ಬೈಯಾಕ ಒಬ್ಬಾಕಿ ಬೇಕಾಗ್ಯಾಳ.” ರೊಟ್ಟಿ ಉಬ್ಬಿತು. ಮುದುಕಿ ಅದನ್ನು ತಿರುವಿ ಹಾಕಿದಳು. “ಮುಂದಿನ ಶನಿವಾರ ಸಜ್ಜಿ ಹಿಟ್ಟ ತರ್ತೀನಿ. ಮಗನ ಮನ್ಯಾಗ ಯಾರೂ ಮುಟ್ಟಂಗಿಲ್ಲ ಅದನ್ನ.”

ವೈಶಾಲಿ ಅರ್ಧಕ್ಕೆ ಬಿಟ್ಟಿದ್ದ ರೊಟ್ಟಿಯನ್ನು ಮತ್ತೆ ಬಡಿಯತೊಡಗಿದಳು. ಪರದೇಶದ ಗದ್ದುಗೆ ಬೇಡವೆಂದ ಅರಸರು ಹಿಂದೆ ಯಾರಾದರೂ ಇದ್ದಿದ್ದರೆ ಜನ ಅದನ್ನು ತ್ಯಾಗವೆಂದು ಕರೆದು ಶಾಸನವನ್ನೂ ಕೆತ್ತಿಸಿರುತ್ತಾರೆ. ಆದರೆ ಆ ಅರಸನಿಗೂ ಎಲ್ಲೋ ಒಂದು ಗ್ಯಾರೇಜಿದ್ದಿರಬೇಕು, ತನ್ನ ನಾಲಗೆ ತನ್ನದೇ ಆಗಿರುವ ಮೂರು ಗಂಟೆಗಳಿದ್ದಿರಬೇಕು. ಶಾಸನದಲ್ಲಿ ಅದನ್ನೆಲ್ಲ ಯಾರು ಕೆತ್ತಿಸುತ್ತಾರೆ?

ಒಳಗಿನಿಂದ ಗಂಡನ ದನಿ ಕೇಳುತ್ತಿತ್ತು: “ಹೂಂ ಅಣ್ಣಾ, ಪ್ರೆಸಿಡೆಂಟು! ಇಡೀ ಬಳಗಕ್ಕ!”

ಒಲ್ಲೆ ಎಂಬುದನ್ನು ಸೋಮವಾರ ಬೆಳಿಗ್ಗೆ ಬರೆದು ಕಳಿಸುವುದೆಂದು ವೈಶಾಲಿ ನಿಶ್ಚಯಿಸಿದಳು. ಇಬ್ಬರಿಗೂ ಒಂದೇ ಕ್ಷಣಕ್ಕೆ ಮುಟ್ಟುವಂತೆ. ಇಲ್ಲವಾದರೆ ಯಾರಿಗೆ ಮೊದಲು ಹೇಳಿದಳೆಂದು ಅದಕ್ಕೊಂದು ಬಣವಾದೀತು. ಅಲ್ಲಿಯತನಕ ಗಂಡ ಖುಷಿಯಾಗಿರಲಿ.

ಹಲಗೆಯ ಮೇಲೆ ಹಿಟ್ಟು ಉದುರಿಸಿ, ಅವಳು ಮುಂದಿನ ಉಂಡೆಯನ್ನು ಎತ್ತಿಕೊಂಡಳು.