ಪರದೆ ಹಿಂದಿನ ಡೈರೆಕ್ಟರಮ್ಮ

ಹನುಮಂತಮ್ಮ ಸುಲಭಕ್ಕೆ ಹೇಸುವ ಹೆಂಗಸಲ್ಲ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಸವೆಸಿದವಳು. ಹುಳ ಬಿದ್ದ ಬೇಳೆ ಆರಿಸಿದ್ದಾಳೆ, ಚರಂಡಿ ಕಟ್ಟಿಕೊಂಡರೆ ಸೀರೆ ಎತ್ತಿ ಸಿಕ್ಕಿಸಿ ಕೈ ಹಾಕಿದ್ದಾಳೆ, ಜ್ವರ ಬಂದ ಹುಡುಗರ ವಾಂತಿ ಬಳಿದಿದ್ದಾಳೆ. ಅಂಥವಳಿಗೆ ಜಗಳೂರಿನ ಒಂದು ಮದುವೆ ಛತ್ರದ ಹಿತ್ತಲಲ್ಲಿ ಹೇಸಿಗೆ ಬಂತು ಅಂದರೆ, ಅಲ್ಲಿ ಕಂಡದ್ದು ಚರಂಡಿಗಿಂತ ಕೆಟ್ಟದ್ದು ಅಂತಲೇ ತಿಳಿಯಬೇಕು.

ಅವಳು ಕತ್ತಲಗೆರೆಯ ಕೇರಿಯವಳು. ಹಾಸ್ಟೆಲ್ ಕೆಲಸ ಗುತ್ತಿಗೆಯವರ ಪಾಲಾದ ಮೇಲೆ ತಮ್ಮವರ ಮದುವೆ, ನಾಮಕರಣಗಳಿಗೆ ಅಡುಗೆ ಮಾಡಿಕೊಂಡಿದ್ದಳು. ಅವಳು ಹೋಳಿಗೆ ಸಾರಿಗೆ ಒಗ್ಗರಣೆ ಕೊಟ್ಟರೆ ಆಚೆ ಬೀದಿಯವರೂ ನಿಂತು ಮೂಗು ಎಳೆದುಕೊಳ್ಳುತ್ತಿದ್ದರು. ಮೂಗಿನಿಂದ ಉಂಡರೆ ಮೈಲಿಗೆ ಇಲ್ಲವಲ್ಲ!

ಹಾಗೆ ಮೂಗೆಳೆದವರಲ್ಲಿ ಚನ್ನಗಿರಿಯ ವಿನಯ್ ಕುಮಾರನೂ ಒಬ್ಬ. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವನದು. ಕೊಪ್ಪರಿಗೆ ಇಳಿಸಲು ಬಂದವನು ಮೂಗಿಗೆ ನಿಲ್ಲಿಸದೆ ಕೂತು ಉಂಡ, ಎದ್ದು ಕೈ ತೊಳೆದು, "ಅಕ್ಕಾ, ಈ ಕೈ ಇಟ್ಕಂಡು ಇಲ್ಲಿ ಕೊಳೀತಿದ್ಯಲ್ಲ. ಪಾತ್ರೆ ನಂದು, ಅಡಿಗೆ ನಿಂದು. ಕೇಟರಿಂಗ್ ಮಾಡೋಣ ಬಾ" ಅಂದ. ಕೂತು ಉಂಡನಲ್ಲ, ಅದಕ್ಕೇ ಹನುಮಂತಮ್ಮ ಅವನನ್ನು ನಂಬಿದಳು.

ಕಂಪನಿ ಮಾಡುವ ವಿಚಾರ ಎತ್ತಿದ್ದು ಮಗಳು ರಕ್ಷಾ. ಬಿಕಾಂ ಮುಗಿಸಿ ಆಡಿಟರೊಬ್ಬರ ಆಫೀಸಿನಲ್ಲಿದ್ದಳು.

"ಅವ್ವಾ, ಸುಮ್ನೆ ಕೈ ಕೈ ಹಿಡ್ಕಂಡು ಪಾಲು ಮಾಡಿದ್ರೆ ನಾಳೆ ಏನಾರ ಹೆಚ್ಚುಕಮ್ಮಿ ಆದಾಗ ನಮ್ಮ ಮನೆಗೇ ಬರ್ತೈತೆ. ಕಂಪನಿ ಆದ್ರೆ ಕಂಪನಿ ಆಸ್ತಿ ತನಕ ಅಷ್ಟೇ. ಅದುಕ್ಕೇ ಲಿಮಿಟೆಡ್ ಅನ್ನೋದು."

"ಉಂಡೋರಿಗೆ ಹೊಟ್ಟೆ ಕೆಟ್ರೆ ಕಂಪನಿನ ಬೈತಾರೇನೆ? ನನ್ನ ಬೈತಾರೆ."

"ಬೈಗುಳಕ್ಕೆ ಲಿಮಿಟ್ ಇಲ್ಲ ಬಿಡವ್ವ."

ವಿನಯ್ ಕುಮಾರನಿಗೆ ಈ ಲಿಮಿಟೆಡ್ ಅನ್ನುವುದು ಕಾಮಧೇನು ಸಿಕ್ಕಂತಾಯಿತು. "ಇನ್ನೊಂದು ಲಾಭ ಐತಕ್ಕ. ಕಂಪನಿಗೆ ಜಾತಿ ಇಲ್ಲ. ಯಾವನು ಏನ್ ಕೇಳಾಕೆ ಆಗ್ತದೆ?" ಅಂದ. ಆ ಮಾತು ಹನುಮಂತಮ್ಮನ ಎದೆಗೆ ತಂಪಾಗಿ ಇಳಿಯಿತು. ಇಷ್ಟು ವರ್ಷ ಅಡುಗೆ ಮಾಡಿದ್ದಳು, ಸಂಬಳ ತಗೊಂಡಿದ್ದಳು, ಗದರಿಸಿಕೊಂಡಿದ್ದಳು. ಆದರೆ ಉಂಡು ಎದ್ದವರು ಯಾರೂ ಒಳಗೆ ಬಂದು "ಯಾರಮ್ಮ ಮಾಡಿದ್ದು" ಅಂತ ಕೇಳಿರಲಿಲ್ಲ. ಕೇಳಬೇಕು, ತಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ "ನಾನೇ" ಅನ್ನಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಹೆಸರಿಡುವಾಗಲೇ ಮೊದಲ ಕಲ್ಲು ಹಲ್ಲಿಗೆ ಸಿಕ್ಕಿತು. ಹನುಮಂತಮ್ಮ, "ನನ್ನ ಹೆಸರೇ ಇಡ್ರಿ" ಅಂದಳು. ವಿನಯ್ ಕುಮಾರ ತಲೆ ಕೆರೆದುಕೊಂಡು, "ಬ್ಯಾಡಕ್ಕ, ಗಂಗೋತ್ರಿ ಅಂತ ಇಡೋಣ. ಕೇಳಿದ್ರೇನೆ ತಣ್ಣೀರು ಕುಡಿದಂಗೆ ಇರ್ತೈತೆ" ಅಂದ.

"ಗಂಗೋತ್ರಿ ನಿನ್ನ ಹೆಂಡ್ತಿ ಅಲ್ಲೇನಪ್ಪ? ಆಯಮ್ಮ ಅನ್ನಕ್ಕೆ ನೀರಿಡೋದನ್ನೂ ನಾ ಕಂಡಿಲ್ಲ."

"ಹೆಸರು ಆಯಮ್ಮಂದು, ಕುರ್ಚಿ ನಿಂದು. ನೀನೂ ಡೈರೆಕ್ಟರು, ನಾನೂ ಡೈರೆಕ್ಟರು. ಸಮ ಸಮ."

ರಕ್ಷಾ ತಾಯಿಯನ್ನು ಕೂರಿಸಿಕೊಂಡು ಸಹಿ, ಫೋಟೋ, ಬೆರಳು ಒತ್ತುವುದು ಎಲ್ಲ ಮುಗಿಸಿದಳು. ಗಂಗೋತ್ರಿ ಕೇಟರರ್ಸ್ ಪ್ರೈವೇಟ್ ಲಿಮಿಟೆಡ್ ಹುಟ್ಟಿತು. ಕೇರಿಯವರಿಗೆ ಹಬ್ಬ. ನೀರಿಗೆ ಹೋದರೆ, "ಏನ್ ಡೈರೆಕ್ಟರಮ್ಮ, ಸಿನಿಮಾ ಯಾವಾಗ ತೆಗೀತೀಯ? ನಮಗೊಂದು ಪಾರ್ಟು ಕೊಡು" ಅನ್ನುವರು. "ಹೀರೋಯಿನ್ ಅತ್ತೆ ಪಾರ್ಟು ಖಾಲಿ ಐತೆ, ನಿನಗೇ ಸರಿ" ಅಂತ ಇವಳೂ ಬಿಡುತ್ತಿರಲಿಲ್ಲ.

ಮೊದಲ ದೊಡ್ಡ ಆರ್ಡರು ಹೊನ್ನಾಳಿಯ ಒಂದು ಗೃಹಪ್ರವೇಶ. ಮನೆ ಯಜಮಾನ ವಿನಯ್ ಕುಮಾರನ ಜೊತೆ ಮಾತು ಮುಗಿಸಿ ಎದ್ದವನು ತಿರುಗಿ ನಿಂತು, "ಅಂದಂಗೆ ಅಡಿಗೆ ಯಾರದು?" ಅಂತ ಕೇಳಿದ.

"ಕಂಪನಿದು ಸಾರ್."

"ಕಂಪನಿ ಕೈ ತೊಳ್ಕಂಡು ಹಿಟ್ಟು ನಾದ್ತದೇನ್ರೀ? ನಾದೋರು ಯಾರು, ಅದನ್ನ ಹೇಳ್ರಿ."

ನೋಡಿ, ಕಂಪನಿಗೆ ಜಾತಿ ಇಲ್ಲದಿದ್ದರೂ ಸೌಟು ಹಿಡಿದ ಕೈಗೆ ಜನ ಅದನ್ನು ಹುಡುಕಿಯೇ ಹುಡುಕುತ್ತಾರೆ. ವಿನಯ್ ಕುಮಾರ ಬೆವರು ಒರೆಸಿಕೊಂಡು, "ಒಬ್ರು ಅಯ್ನೋರು ಇದಾರೆ" ಅಂದುಬಿಟ್ಟ. ಅಂದ ಮೇಲೆ ತರಬೇಕಲ್ಲ. ತ್ಯಾವಣಿಗೆಯಿಂದ ಸಣ್ಣಪ್ಪ ಎನ್ನುವ ಮುದುಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ. ಒಂದು ಕಾಲದಲ್ಲಿ ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದವನು. ಒಲೆಯ ಹತ್ತಿರ ಹೋದದ್ದು ಬೀಡಿ ಹಚ್ಚಿಕೊಳ್ಳಲು ಮಾತ್ರ. ಅವನಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಎಲ್ಲರಿಗೂ ಕಾಣುವಂತೆ ಕೂರಿಸಿದರು. ಅವನ ಹಿಂದೆ ಶಾಮಿಯಾನದ ಬಟ್ಟೆಯ ಪರದೆ. ಪರದೆಯ ಹಿಂದೆ ಒಲೆಗಳು, ಕೊಪ್ಪರಿಗೆಗಳು, ಡೈರೆಕ್ಟರು ಹನುಮಂತಮ್ಮ.

"ಇದೊಂದು ಸಲ ಅಕ್ಕ. ಹೆಸರು ಬರೋ ತನಕ" ಅಂದ ವಿನಯ್ ಕುಮಾರ.

"ಯಾರ ಹೆಸರು ಬರೋ ತನಕ?"

ಅವನು ಕೇಳಿಸದವನಂತೆ ಬಾಳೆಲೆ ಎಣಿಸಲು ಹೋದ. ಹನುಮಂತಮ್ಮ ಮಗಳ ಮುಖ ನೆನೆದು ಸಿಟ್ಟು ನುಂಗಿಕೊಂಡಳು.

ನ್ಯಾಮತಿಯ ನಾಮಕರಣದಲ್ಲೂ "ಇದೊಂದು ಸಲ". ಅಷ್ಟು ಹೊತ್ತಿಗೆ ಸಣ್ಣಪ್ಪನಿಗೂ ತಾನೇ ಅಡುಗೆ ಮಾಡುತ್ತಿದ್ದೇನೆ ಎಂಬ ನಂಬಿಕೆ ಹುಟ್ಟಿಬಿಟ್ಟಿತ್ತು. ಉಂಡವರು ಬಂದು ಹೊಗಳಿದರೆ ಕಣ್ಣು ಅರೆ ಮುಚ್ಚಿ, "ಎಲ್ಲಾ ಗುರು ಕೃಪೆ" ಅನ್ನುತ್ತಿದ್ದ. ಪರದೆ ಸರಿಸಿ ಒಳಗೆ ತಲೆ ಹಾಕಿ, "ನನ್ನ ಸಾರಿಗೆ ಉಪ್ಪು ಒಂಚೂರು ಹಿಂದೆ ಬಿದ್ದೈತೆ ಕಣಮ್ಮ, ನೋಡ್ಕಂಡು ಹಾಕು" ಅನ್ನುತ್ತಿದ್ದ. ತಂಬಾಕಿಗೆ ಸುಣ್ಣ ತಿಕ್ಕಿ, ಬೆರಳನ್ನು ಪಂಚೆಗೆ ಒರೆಸಿ, ಅದೇ ಬೆರಳಲ್ಲಿ ಕೋಸಂಬರಿ ಚಿವುಟಿ ಬಾಯಿಗೆ ಹಾಕಿಕೊಳ್ಳುವನು. ಜೊತೆಗಿದ್ದ ನೇತ್ರಾವತಿ, ಶೈಲಾ ಇಬ್ಬರೂ ಕತ್ತಲಗೆರೆಯ ಹೆಂಗಸರೇ. ಮುಖ ಕಿವುಚಿ, "ಯಕ್ಕಾ, ಈ ಮುದುಕಪ್ಪನ್ನ ನೋಡಿದ್ರೆ ನನಗೆ ಉಣ್ಣಾಕೇ ಮನಸಿಲ್ಲ" ಎಂದಳು ಶೈಲಾ.

"ಇವನ್ನ ನೋಡಿ ಅಲ್ಲೇನೆ ಅವರು ಉಣ್ಣೋದು" ಅಂದಳು ಹನುಮಂತಮ್ಮ.

ಆಮೇಲೆ ಜಗಳೂರು. ತಿಪ್ಪೇರುದ್ರಸ್ವಾಮಿ ಎನ್ನುವವರ ಮಗಳ ಮದುವೆ. ಬೆಳಗ್ಗೆ ಒಲೆಪೂಜೆ. ಒಲೆಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅಡುಗೆಯ ಮುಖ್ಯಸ್ಥರಿಗೆ ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡುವುದು ಕ್ರಮ. ಸ್ವಾಮಿಯವರ ಅಕ್ಕ ಭೀಮಕ್ಕ ಆ ಕ್ರಮ ಮಾಡಲು ಬಂದರು. ಸಣ್ಣಪ್ಪನಿಗೆ ತಾಂಬೂಲ ಕೊಟ್ಟು, ಹೊಸ ಟವೆಲ್ ಹೊದಿಸಿ, "ನಿಮ್ಮ ಕೈ ಹಾಲು ತುಪ್ಪ ಆಗ್ಲಿ ಅಯ್ನೋರೆ" ಅಂದರು. ಆ ಕೈ ತಂಬಾಕು ಸುಣ್ಣ ಆಗಿತ್ತು. ಪರದೆಯ ಸಂದಿಯಿಂದ ನೋಡುತ್ತಿದ್ದ ಹನುಮಂತಮ್ಮ ಥೂ ಅಂದು ಹೂರಣ ರುಬ್ಬಲು ಕೂತಳು.

ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಹೋಳಿಗೆಯನ್ನು ಹೆಂಚಿನ ಮೇಲಿಂದ ಬಿಸಿಬಿಸಿಯಾಗಿ ಎಲೆಗೆ ಕಳಿಸಬೇಕು, ಅದು ಹನುಮಂತಮ್ಮನ ಪದ್ಧತಿ. ಅವಳು ಬೇಯಿಸುತ್ತಿದ್ದಳು, ಹುಡುಗರು ಒಯ್ಯುತ್ತಿದ್ದರು. ಗೋಧಿ ಪಾಯಸದ ಕೊಪ್ಪರಿಗೆ ಇನ್ನೂ ಹೊರಗೆ ಹೋಗಿರಲಿಲ್ಲ. ಆಗ ಸಣ್ಣಪ್ಪ ಪರದೆ ಸರಿಸಿ ಒಳಗೆ ಬಂದ. ಬಾಯಿಯ ತಂಬಾಕನ್ನು ಮೂಲೆಗೆ ಉಗಿದ. ಸೌಟು ತೆಗೆದು ಪಾಯಸದಲ್ಲಿ ಅದ್ದಿ, ನೇರ ಬಾಯಿಗಿಟ್ಟ. ಚಪ್ಪರಿಸಿದ. ಸೌಟಿನ ಹಿಂದೆ ಮುಂದೆ ನಾಯಿ ನೆಕ್ಕಿದ ಹಾಗೆ ನೆಕ್ಕಿದ. ಮತ್ತೆ ಅದನ್ನೇ ಕೊಪ್ಪರಿಗೆಗೆ ಹಾಕಿ ತಿರುವಿದ. ಮೀಸೆಯಿಂದ ಏನೋ ಒಂದು ಹನಿಯೂ ಬಿತ್ತು.

ಹನುಮಂತಮ್ಮನಿಗೆ ಹೇಸಿಗೆ ಬಂದದ್ದು ಆಗ.

"ಅಯ್ಯೋ, ಏನ್ ಮಾಡಿದ್ರೀ!"

"ರುಚಿ ನೋಡ್ದೆ."

"ನೆಕ್ಕಿದ ಸೌಟು ಮತ್ತೆ ಹಾಕಿದ್ರಲ್ರೀ, ಅಷ್ಟು ಜನ ಉಣ್ಣೋದಕ್ಕೆ!"

ಸಣ್ಣಪ್ಪ ನಕ್ಕ. ಹಲ್ಲಿನ ಸಂದಿಯಲ್ಲಿ ತಂಬಾಕಿನ ಚೂರು. "ನಿನ್ನ ಕೈ ಆಗ್ತೈತಂತೆ, ನನ್ನ ಬಾಯಿ ಆಗಲ್ವೇನಮ್ಮ?"

ಅವಳು ವಿನಯ್ ಕುಮಾರನನ್ನು ಕೂಗಿ ಕರೆದಳು. ಅವನು ಓಡಿ ಬಂದು ಕೊಪ್ಪರಿಗೆ ನೋಡಿದ, ಸಣ್ಣಪ್ಪನನ್ನು ನೋಡಿದ, ಪರದೆಯ ಆಚೆ ಕಿವಿಗೊಟ್ಟ.

"ಯಾರ್ ನೋಡಿದ್ರು? ಒಂದು ಕುದಿ ಬರ್ಸಿ ಕಳಿಸಿಬಿಡಕ್ಕ. ಯಾರಿಗಾರ ಏನಾರ ಆದ್ರೂ ಕಂಪನಿ ಮೇಲೆ ಬರ್ತೈತೆ, ನಮ್ಮ ಮೇಲಲ್ಲ. ರಕ್ಷಾನೇ ಹೇಳಿಲ್ವಾ?"

"ಇದನ್ನ ಮಾಡಾಕೆ ಕಟ್ಟಿದ್ದೇನೋ ಕಂಪನಿ?" ಅಂದವಳೇ ಹನುಮಂತಮ್ಮ ಎರಡು ಬಟ್ಟೆ ಹಿಡಿದು ಕೊಪ್ಪರಿಗೆಯ ಕಂಠಕ್ಕೆ ಕೈ ಹಾಕಿ ನೂಕಿದಳು. ಅದು ಒರಗಿತು, ಮಗುಚಿತು. ಪಾಯಸ ಹಿತ್ತಲಿನ ಕಡೆ ಹರಿದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನೆಲದ ಇಳಿಜಾರು ಪಂಕ್ತಿಯ ಕಡೆಗಿತ್ತು. ಬೆಲ್ಲ, ತುಪ್ಪ, ದ್ರಾಕ್ಷಿ ಎಲ್ಲ ಹೊತ್ತುಕೊಂಡು ಪರದೆಯ ಕೆಳಗೆ ನುಸುಳಿ ಉಣ್ಣುವವರ ಕಾಲಡಿಗೇ ಹೋಯಿತು.

ಪರದೆ ಎತ್ತಿದವರು ತಿಪ್ಪೇರುದ್ರಸ್ವಾಮಿ. "ಏನಿದು? ಯಾರಮ್ಮ ನೀನು?"

"ಅಡಿಗೆ ಮಾಡಿದೋಳು. ಪಾಯಸಕ್ಕೆ ಈ ಯಪ್ಪನ ಎಂಜಲು ಬಿತ್ತು, ಅದುಕ್ಕೆ ಚೆಲ್ಲಿದೆ."

"ಅಡಿಗೆ ಅಯ್ನೋರದಲ್ವಾ?"

"ಅವರು ಕುರ್ಚಿ ಮೇಲೆ ಕುಂತಿದ್ರು. ಕುಂತ್ರೆ ಹೋಳಿಗೆ ಬೇಯಲ್ಲ ಸ್ವಾಮಿ."

"ಯಾವೂರು? ಯಾರ ಪೈಕಿ?"

"ಕತ್ತಲಗೆರೆ ಕೇರಿಯೋಳು. ಮನೇಲಿ ಬುದ್ಧನ ಫೋಟೋ ಐತೆ. ಇನ್ನೇನ್ ಬೇಕು?"

ಎಂಜಲು ಅಂದಾಗ ಯಾರ ಮುಖವೂ ಕಿವುಚಿರಲಿಲ್ಲ. ಕೇರಿ ಅಂದದ್ದೇ ತಡ, ಹತ್ತಿರದ ಸಾಲಿಗೆ ಸಾಲೇ ಕಲ್ಲಾಯಿತು. ಒಬ್ಬನ ಬಾಯಲ್ಲಿ ಹೋಳಿಗೆ ಇತ್ತು. ಉಗುಳಲು ರುಚಿ ಬಿಡದು, ನುಂಗಲು ಕುಲ ಬಿಡದು, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದ. ಇನ್ನೊಬ್ಬರು ಎದ್ದು ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸಲು ಓಡಿದರು. ಏನೂ ಕೇಳಿಸದ ಆಚೆ ಸಾಲಿನಿಂದ ಯಾರೋ, "ಏಯ್, ಇಲ್ಲಿಗೆ ಇನ್ನೆರಡು ಹೋಳಿಗೆ ತಗಂಬಾರೋ!" ಎಂದು ಕೂಗಿದರು.

ಎಲ್ಲರೂ ವಿನಯ್ ಕುಮಾರನ ಕಡೆ ನೋಡಿದರು. ಹನುಮಂತಮ್ಮನೂ ನೋಡಿದಳು. ಕೂತು ಉಂಡವನಲ್ಲವೇ, ಈಗಲಾದರೂ ಬಾಯಿ ಬಿಡುತ್ತಾನೆ ಅಂದುಕೊಂಡಳು. ಬಿಟ್ಟ. ಎರಡೂ ಕೈ ಮುಗಿದು, "ತಪ್ಪಾತು ಸ್ವಾಮಿ. ಪಾತ್ರೆ ತೊಳಿಯಾಕೆ ಬಂದೋಳು, ತಲೆ ಸರಿ ಇಲ್ಲ. ಅಡಿಗೆ ಎಲ್ಲಾ ಅಯ್ನೋರದೇ" ಅಂದ.

ಸುಳ್ಳೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಾಯಿತು. ಸಣ್ಣಪ್ಪನ ಕೈಯಲ್ಲಿ ತಂಬಾಕು ಸುಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಹನುಮಂತಮ್ಮನ ಮೊಣಕೈವರೆಗೂ ಮೈದಾ ಹಿಟ್ಟಿತ್ತು. ಆದರೂ ಆ ಸುಳ್ಳು ಕಿವಿಗೆ ಬಿದ್ದದ್ದೇ ಎಲ್ಲರೂ ಉಸಿರು ಬಿಟ್ಟರು. "ಅಂಗನ್ನು ಮತ್ತೆ!" ಅಂದರು. ಕೆನ್ನೆ ಉಬ್ಬಿಸಿದವನು ಗುಟುಕ್ಕನೆ ನುಂಗಿದ. ನಲ್ಲಿಗೆ ಹೋದವರು ಬಾಯಿ ಒರೆಸಿಕೊಂಡು ಬಂದು ಮತ್ತೆ ಎಲೆಯ ಮುಂದೆ ಕೂತರು. ತಿಪ್ಪೇರುದ್ರಸ್ವಾಮಿ ಪರದೆ ಇಳಿಸಿದರು. ಮಾನವೂ ಉಳಿಯಿತು, ಹೋಳಿಗೆಯೂ ಉಳಿಯಿತು.

ಹನುಮಂತಮ್ಮನಿಗೆ ಸಣ್ಣಪ್ಪನ ಎಂಜಲು ಮರೆತೇ ಹೋಯಿತು. ಮೈದಾ ಕೈಯನ್ನೇ ನೋಡಿಕೊಳ್ಳುತ್ತಾ ನಿಂತಳು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಭೀಮಕ್ಕ ಸದ್ದಿಲ್ಲದೆ ಬಂದರು. ಸೆರಗಿನ ಒಳಗೆ ಊಟದ ಕ್ಯಾರಿಯರು.

"ನೀನೇ ಮಾಡಿದ್ದು ಅಂತ ನಂಗೆ ಗೊತ್ತು ಬಿಡಮ್ಮ. ಆ ಮುದುಕಪ್ಪನ ಕೈಲಿ ಕಣಕ ನಿಲ್ತೈತೇನು?" ಅಂದರು ಪಿಸುದನಿಯಲ್ಲಿ. "ಎಂಥಾ ಸಾರು! ನಮ್ಮವ್ವನ ಕಾಲದಾಗೆ ಉಂಡಿದ್ದೆ ಇಂಥದ್ದು. ಇದರ ತುಂಬ ಹಾಕು, ಮನಿಗೆ ಒಯ್ತೀನಿ. ಯಾರ ಮುಂದೂ ಅನ್ನಬ್ಯಾಡ."

"ಈಗ ಹೇಳಿದ್ರಲ್ಲ, ಆ ಮಾತು ಅಲ್ಲಿ ಪಂಕ್ತಿ ಮುಂದೆ ಹೇಳ್ರಿ. ಕ್ಯಾರಿಯರ್ ಅಲ್ಲ, ಕೊಳಗನೇ ಕೊಡ್ತೀನಿ."

"ಅದೆಂಗೆ ಹೇಳಾಕಾಗ್ತದೆ ತಾಯಿ? ಜನ ಏನಂತಾರೆ?"

"ಹಂಗಾದ್ರೆ ಸಾರಿಲ್ಲ."

ವಿನಯ್ ಕುಮಾರ ಹಲ್ಲು ಕಚ್ಚಿಕೊಂಡು ಬಂದ. "ಅಕ್ಕಾ, ಹಾಕಿಕೊಡು. ಯಜಮಾನರ ಅಕ್ಕ."

"ಹಾಕಲ್ಲ. ಡೈರೆಕ್ಟರ್ ಹೇಳ್ತಿದೀನಿ."

"ನಾನೂ ಡೈರೆಕ್ಟರೇ!"

"ಹೌದಾ? ಹಂಗಾದ್ರೆ ಎರಡನೇ ಪಂಕ್ತಿಗೆ ನೀನೇ ಹೋಳಿಗೆ ಬೇಯ್ಸು" ಅಂದು ಬಾಗಿ ಗ್ಯಾಸು ಆರಿಸಿದಳು. ಹೆಂಚಿನ ಮೇಲಿದ್ದ ಹೋಳಿಗೆ ಅರ್ಧ ಬೆಂದು ಹಾಗೇ ನಿಂತಿತು.

ಆಚೆ ಎರಡನೇ ಪಂಕ್ತಿ ಕೂತ ಗದ್ದಲ. ವಿನಯ್ ಕುಮಾರನ ದನಿ ಬದಲಾಯಿತು. "ಕಾಲಿಗೆ ಬೀಳ್ತೀನಿ ಅಕ್ಕ, ಇದೊಂದು ಸಲ."

"ಕಾಲಿಗೆ ಬ್ಯಾಡ. ಪರದೆ ಎತ್ತು, ಪಾತ್ರೆ ತೊಳಿಯೋಳಲ್ಲ, ಅಡಿಗೆ ಇವಳದೇ ಅಂತ ಹೇಳು. ನಂಗೆ ಕೇಳಿಸ್ಬೇಕು."

ಅವನು ಪರದೆಯವರೆಗೆ ಹೋದ. ಬಟ್ಟೆ ಹಿಡಿದ, ಒಂದು ಗೇಣು ಎತ್ತಿದ. ಅಲ್ಲಿ ಕೂತ ವಿಭೂತಿ ಹಣೆಗಳನ್ನು ನೋಡಿದ. ಬಟ್ಟೆ ಬಿಟ್ಟು ತಿರುಗಿದ. ಅವನ ಮುಖ ನೋಡಿ ಹನುಮಂತಮ್ಮನಿಗೆ ಸಿಟ್ಟು ಬರಲಿಲ್ಲ. ಹಳಸಿದ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹೇಸಿಗೆಯಾಯಿತು.

ಕೈ ತೊಳೆದಳು. ಹಿಟ್ಟು ಹೋಗುವ ತನಕ ತಿಕ್ಕಿ ತಿಕ್ಕಿ ತೊಳೆದಳು. "ನೇತ್ರಾ, ಶೈಲಾ, ನಡೀರೇ" ಅಂದಳು. ನಾದಿಟ್ಟ ಕಣಕ, ಉಂಡೆ ಕಟ್ಟಿದ ಹೂರಣ, ಮುಚ್ಚಿಟ್ಟ ಸಾರು ಎಲ್ಲ ಅಲ್ಲೇ ಬಿಟ್ಟು ಹಿತ್ತಲ ಬಾಗಿಲು ದಾಟಿದಳು. ಹಿಂದಿನಿಂದ ಭೀಮಕ್ಕ, "ಏಯ್, ಸಾರಾದ್ರೂ ಹಾಕಿ ಹೋಗೇ!" ಅಂದದ್ದು ಕೇಳಿಸಿತು. ಪಿಸುದನಿಯಲ್ಲೇ ಅಂದರು ಪುಣ್ಯಾತ್ಗಿತ್ತಿ.

ಬಸ್ಸಿನಲ್ಲಿ ಕೂತು ಮಗಳಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು. "ರಾಜೀನಾಮೆ ಬರೀಲೇನವ್ವ?" ಅಂದಳು ರಕ್ಷಾ.

"ಯಾಕೆ? ನಾನ್ಯಾಕೆ ಬಿಡ್ಲಿ? ನೆಕ್ಕಿದೋನು ನಾನಲ್ಲ, ಬೊಗಳಿದೋನು ನಾನಲ್ಲ. ಅಡಿಗೆ ಹನುಮಂತಮ್ಮಂದು ಅಂತ ಬೋರ್ಡಿನ ಮೇಲೆ ಬರಸು."

"ಹಂಗೆಲ್ಲ ಆಗಲ್ಲ. ಡೈರೆಕ್ಟರ್ ಇಬ್ರೂ ಒಪ್ಪಬೇಕು. ನೀವಿಬ್ರೂ ಸಮ ಸಮ."

"ಅವನು ಒಪ್ಪೋ ತನಕ ನಾ ಒಲೆ ಹಚ್ಚಲ್ಲ."

"ಹಂಗಾದ್ರೆ ಕಂಪನಿ ಮಲಗ್ತೈತೆ ಅವ್ವ. ಆರ್ಡರ್ ಎಲ್ಲಾ ಹೋಗ್ತಾವೆ."

"ಮಲಗ್ಲಿ ಬಿಡು."

"ಜನಕ್ಕೇನ್ ಹೇಳ್ಲಿ? ನಾಳೆಯಿಂದ್ಲೇ ಫೋನ್ ಮಾಡ್ತಾರೆ."

"ಅಡಿಗೆಗೆ ನನ್ನ ಕೈ ಇಲ್ಲ, ಸಣ್ಣಪ್ಪನ ಬಾಯಿ ಖಾಲಿ ಐತೆ, ಅದನ್ನೇ ಕರ್ಸ್ಕಳಾಕೆ ಹೇಳು" ಅಂದು ಹನುಮಂತಮ್ಮ ಫೋನಿಟ್ಟಳು. ಕಿಟಕಿ ತೆಗೆದು ಹೊರಗೆ ಉಗಿದಳು.